ಪ್ರದರ್ಶನದ ಕುಡುಕ

ಎಂಬತ್ಮೂರನೇ ಇಸವಿಯಲ್ಲಿ ತುಮಕೂರಿನಲ್ಲಿ ಕುಡುಕರಿಗೇನೂ ಕೊರತೆ ಇರಲಿಲ್ಲ. ಕುಡಿತ ಬಿಟ್ಟವನೊಬ್ಬ ಬೇಕೆಂದರೆ ಮಾತ್ರ ಊರೆಲ್ಲ ಜಾಲಾಡಬೇಕಿತ್ತು. ಹಾಗಾಗಿ ಜಿಲ್ಲಾ ಪಾನವಿಮುಕ್ತಿ ಸಂಘದವರ ಕೈಗೆ ದರ್ಜಿ ಚನ್ನಬಸವಯ್ಯ ಸಿಕ್ಕಿದ್ದೇ ತಡ, ಅವರು ಅವನ ಬೆನ್ನು ಬಿಡಲಿಲ್ಲ. ಕ್ಯಾತ್ಸಂದ್ರದಲ್ಲಿ ಒಂದು ಸಭೆ, ಸಿರಾದಲ್ಲಿ ಒಂದು, ತಿಪಟೂರಿನಲ್ಲಿ ಎರಡು. ಎಲ್ಲಿ ಸಭೆಯಾದರೂ ಕರಪತ್ರದಲ್ಲಿ "ಪಾನವಿಮುಕ್ತರೊಬ್ಬರಿಂದ ಅನುಭವ ಕಥನ ಮತ್ತು ಅಭಿನಯ" ಎಂಬ ಸಾಲು ಇದ್ದೇ ಇರುತ್ತಿತ್ತು. ಅದರ ಕೆಳಗಿನ ಸಾಲು "ಲಘು ಉಪಾಹಾರ". ಜನ ಬರುತ್ತಿದ್ದದ್ದು ಈ ಎರಡು ಸಾಲಿಗೆ ಎನ್ನುವುದು ಅಧ್ಯಕ್ಷರೊಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು.

ಅಧ್ಯಕ್ಷರು ಅನಂತರಾಮಯ್ಯನವರು, ರಿಟೈರಾದ ತಹಸೀಲ್ದಾರರು. ಜನ್ಮದಲ್ಲಿ ಕಾಫಿಗಿಂತ ಗಟ್ಟಿಯಾದದ್ದನ್ನು ಬಾಯಿಗೆ ಬಿಟ್ಟುಕೊಂಡವರಲ್ಲ, ಆದರೆ ಕುಡಿತದ ಬಗ್ಗೆ ನೀರು ಕೂಡ ಕುಡಿಯದೆ ಮುಕ್ಕಾಲು ಗಂಟೆ ಮಾತಾಡಬಲ್ಲವರು. ಕಾರ್ಯದರ್ಶಿ ಪಟ್ಟಾಭಿರಾಮ ಹೈಸ್ಕೂಲು ಮೇಷ್ಟರು, ನಾಟಕದ ಹುಚ್ಚಿನವರು. 'ಅಭಿನಯ' ಹೊಳೆದದ್ದು ಅವರಿಗೆ. ಚನ್ನಬಸವಯ್ಯ ಕೈಯಲ್ಲೊಂದು ಬಾಟಲಿ ಹಿಡಿದು ವೇದಿಕೆಯ ಮೇಲೆ ಓಲಾಡುತ್ತ ಬರಬೇಕು, ಸತ್ತುಹೋದ ಹೆಂಡತಿ ಎದುರಿಗಿದ್ದಾಳೆಂದುಕೊಂಡು ಬೈಯಬೇಕು, ಬಾಟಲಿಯೆತ್ತಿ ಗಟಗಟ ನೀರು ಕುಡಿದು ದೊಪ್ಪನೆ ಬೀಳಬೇಕು. ಆಮೇಲೆ ಎದ್ದು ಕೈ ಮುಗಿದು "ಹೀಗಿದ್ದೆ ನಾನು" ಎನ್ನಬೇಕು. ಜನ ಬಿದ್ದು ಬಿದ್ದು ನಗುತ್ತಿದ್ದರು. ಕೊನೆಗೆ ಅಧ್ಯಕ್ಷರು ಒಂದು ಶಾಲು ಹೊದಿಸುತ್ತಿದ್ದರು. ಚನ್ನಬಸವಯ್ಯನ ಮನೆಯಲ್ಲಿ ಹೊದೆಯಲು ನೆಟ್ಟಗೆ ಒಂದು ಕಂಬಳಿ ಇರಲಿಲ್ಲ, ಶಾಲು ಒಂಬತ್ತಿದ್ದವು.

ಸಂಘದಲ್ಲಿ ಒಬ್ಬಳೇ ಹೆಂಗಸು, ಸರ್ವಮಂಗಳಮ್ಮ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾಗಿ ಶೆಟ್ಟಿಹಳ್ಳಿಯ ಎರಡು ಕೋಣೆಯ ಮನೆಯಲ್ಲಿ ಒಂಟಿಯಾಗಿದ್ದವಳು. ಮಹಿಳೆಯೊಬ್ಬರಿದ್ದರೆ ಸಂಘಕ್ಕೆ ಶೋಭೆ ಎಂದು ಯಾರೋ ಹೇಳಿದ್ದಕ್ಕೆ ಸೇರಿಸಿಕೊಂಡಿದ್ದರು. ಅವಳು ಬಾಯಿ ತೆರೆದರೆ ಅನಂತರಾಮಯ್ಯನವರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಅವಳಿಗೆ ಕುಡುಕರನ್ನು ಕಂಡರೆ ಆಗುತ್ತಿರಲಿಲ್ಲ, ಕುಡುಕರನ್ನು ಉದ್ಧಾರ ಮಾಡಲು ಹೊರಟವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು.

ಅದಕ್ಕೆ ಕಾರಣ ಗಂಡ ಮಹಾಲಿಂಗಯ್ಯ. ಹದಿನೆಂಟು ವರ್ಷ ಸಂಸಾರ ಮಾಡಿ ಹೊಟ್ಟೆ ಊದಿಸಿಕೊಂಡು ಸತ್ತ. ಆ ಹದಿನೆಂಟು ವರ್ಷದಲ್ಲಿ ಅವನು ಮಾಡದ ಆಣೆ ಇರಲಿಲ್ಲ. ಕೊರಳಲ್ಲಿದ್ದ ಲಿಂಗ ಹಿಡಿದು ಮಾಡಿದ, ಅವಳ ತಾಳಿ ಮುಟ್ಟಿ ಮಾಡಿದ, ತಾಯಿಯ ಸಮಾಧಿಗೆ ಹೋಗಿ ಮಾಡಿದ. ಬಾಯಲ್ಲಿ ಲವಂಗ ಕಡಿಯುತ್ತ ಬಂದು, "ನಿನ್ನಾಣೆಗೂ ಮುಟ್ಟಿಲ್ಲ ಕಣೇ" ಎನ್ನುತ್ತಿದ್ದ. ಎಷ್ಟೋ ಸಲ ಅವಳು ನಂಬಿದ್ದಳು, ಆಸ್ಪತ್ರೆಯಲ್ಲಿ ದಿನವೂ ಕುಡುಕರ ನಾಲಿಗೆ ನೋಡುತ್ತಿದ್ದವಳು ಮನೆಯ ಕುಡುಕನನ್ನು ನಂಬಿದ್ದಳು. ಆ ಮೂರ್ಖತನಕ್ಕೆ ಅವಳು ತನ್ನನ್ನು ಇನ್ನೂ ಕ್ಷಮಿಸಿಕೊಂಡಿರಲಿಲ್ಲ.

ಚನ್ನಬಸವಯ್ಯ ಅವಳ ವಾರ್ಡಿಗೆ ಬಂದದ್ದು ಕಣ್ಣೆಲ್ಲ ಹಳದಿಯಾಗಿ, ಅವಳ ನೌಕರಿಯ ಕೊನೆಯ ತಿಂಗಳಲ್ಲಿ. ಹೆಂಡತಿ ಸತ್ತು ಆಗ ಎಂಟೊಂಬತ್ತು ತಿಂಗಳಾಗಿತ್ತು. ಅವಳು ಸತ್ತ ವಾರದಲ್ಲೇ ಅತ್ತೆ ಚಿಕ್ಕಗಂಗಮ್ಮ ಕುಣಿಗಲ್ಲಿನಿಂದ ಬಂದು ಎರಡು ಮಕ್ಕಳನ್ನೂ ಕರೆದುಕೊಂಡು ಹೋಗಿದ್ದಳು. ದೊಡ್ಡವಳು ದಾಕ್ಷಾಯಿಣಿ, ಚಿಕ್ಕವನು ರೇವಣ್ಣ. ಮೈಯಲ್ಲಿ ಇಳಿಯುತ್ತಿದ್ದ ಅಮಲಿನ ನಡುಕದಲ್ಲಿ ಚನ್ನಬಸವಯ್ಯ ಮೂರು ದಿನ ಆ ಎರಡು ಹೆಸರನ್ನೇ ಕೂಗಿದ. ನಾಲ್ಕನೇ ದಿನ ಎಚ್ಚರವಾಗಿ, "ನರ್ಸಮ್ಮ, ನಾನು ಇನ್ಮೇಲೆ ಮುಟ್ಟಲ್ಲ, ನಮ್ಮಪ್ಪನಾಣೆ" ಎಂದ.

"ಆಣೆ ಗೀಣೆ ನನ್ನ ಹತ್ರ ಬೇಡ ಕಣಯ್ಯ" ಎಂದಳು ಸರ್ವಮಂಗಳಮ್ಮ. "ಸತ್ತೋರ ಮೇಲೆ ಆಣೆ ಮಾಡೋಕೆ ಯಾರಿಗೂ ಕಷ್ಟ ಇಲ್ಲ. ನೀನು ದರ್ಜಿ ತಾನೆ? ದಿನಾ ಬೆಳಿಗ್ಗೆ ಏಳು ಗಂಟೆಗೆ ನಮ್ಮನೆ ಬಾಗಿಲಿಗೆ ಬಾ. ಸೂಜಿಗೆ ದಾರ ಪೋಣ್ಸಿ ತೋರ್ಸಿ ಹೋಗು. ಕೈ ನಡುಗ್ತಾ, ಅವತ್ತಿಗೆ ನಿಂಗೂ ನಂಗೂ ಮುಗೀತು."

ಅವಳು ಇದನ್ನು ಹೇಳಿದ್ದು ಅವನನ್ನು ಸಾಗಹಾಕುವುದಕ್ಕೆ. ಅವನು ಬಂದ. ಮಾರನೆಯ ದಿನವೂ ಬಂದ. ಅವಳು ಅತಿ ಸಣ್ಣ ಕಣ್ಣಿನ ಸೂಜಿಯನ್ನೂ ದಾರದುಂಡೆಯನ್ನೂ ಜಗಲಿಯ ಮೇಲಿಟ್ಟು ಹೊಸ್ತಿಲಿನ ತನಕ ಹಿಂದೆ ಸರಿದು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಅವನು ಅಂಗಳದಲ್ಲಿ ನಿಂತು ಪೋಣಿಸುತ್ತಿದ್ದ. ಮೊದಲ ವಾರ ಐದಾರು ಸಲ ತಪ್ಪುತ್ತಿತ್ತು, ಆಮೇಲೆ ಎರಡು, ಆಮೇಲೆ ಒಂದೇ ಸಲಕ್ಕೆ. ಲವಂಗ, ಏಲಕ್ಕಿ, ವೀಳ್ಯದೆಲೆ ಮೂರನ್ನೂ ಅವಳು ನಿಷೇಧಿಸಿದ್ದಳು. ಪೋಣಿಸಿದ ಸೂಜಿಯನ್ನು ಅವನು ಜಗಲಿಯ ಮೇಲಿಟ್ಟು ಹೋದ ಮೇಲೆ ಅವಳು ಹೋಗಿ ಎತ್ತಿಕೊಳ್ಳುತ್ತಿದ್ದಳು. ಅವರ ನಡುವೆ ಯಾವತ್ತೂ ಮೂರು ಮಾರು ದೂರ ಇದ್ದೇ ಇರುತ್ತಿತ್ತು. ಹೀಗೆ ಹದಿನಾಲ್ಕು ತಿಂಗಳು ನಡೆಯಿತು. ಅವನು ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಕಾಜಾ ಗುಂಡಿಯ ಕೆಲಸಕ್ಕೆ ಸೇರಿಕೊಂಡ. ಅವಳಿಗೂ ಒಳಗೊಳಗೇ ನಂಬಿಕೆ ಬಂದಿತ್ತು, ಒಪ್ಪಿಕೊಳ್ಳಲು ಮಾತ್ರ ತಯಾರಿರಲಿಲ್ಲ.

ಸಂಘದವರಿಗೆ ಅವನ ಸುಳಿವು ಕೊಟ್ಟವಳೂ ಅವಳೇ. ಮಕ್ಕಳನ್ನು ವಾಪಸು ಕರೆಸಿಕೊಳ್ಳಲು ನಾಲ್ಕು ಜನ ದೊಡ್ಡವರ ಮಾತು ನೆರವಾದೀತು ಎಂದುಕೊಂಡಿದ್ದಳು. ಅನಂತರಾಮಯ್ಯನವರು "ಅದಕ್ಕೇನು, ಮಾಡೋಣ" ಎಂದವರು, ಒಂಬತ್ತು ಶಾಲು ಹೊದಿಸಿದರೂ ಕುಣಿಗಲ್ಲಿಗೆ ಒಂದು ಕಾಗದ ಬರೆದಿರಲಿಲ್ಲ. ಮಕ್ಕಳಿಂದ ಅಗಲಿದ ತಂದೆ ಎಂದರೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಮಕ್ಕಳ ಜೊತೆ ಉಪ್ಪಿಟ್ಟು ತಿನ್ನುತ್ತಿರುವ ತಂದೆಯನ್ನು ನೋಡಲು ತಿಪಟೂರಿನಲ್ಲಿ ಯಾರು ಬರುತ್ತಾರೆ? ಇದು ಅರ್ಥವಾಗಲು ಸರ್ವಮಂಗಳಮ್ಮನಿಗೆ ಒಂಬತ್ತು ಸಭೆ ಬೇಕಾಯಿತು. ಅರ್ಥವಾದ ಮಾರನೆಯ ದಿನವೇ ಅವಳು ಕುಣಿಗಲ್ ಬಸ್ಸು ಹತ್ತಿದಳು.

ಚಿಕ್ಕಗಂಗಮ್ಮ ಪಡಸಾಲೆಯಲ್ಲಿ ಹುಣಸೆಹಣ್ಣು ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಹತ್ತು ವರ್ಷದ ದಾಕ್ಷಾಯಿಣಿ ತಲೆ ಬಗ್ಗಿಸಿ ಅದೇ ಕೆಲಸದಲ್ಲಿದ್ದಳು. ಬಂದ ವಿಷಯ ಕೇಳಿ ಮುದುಕಿ ಕೈ ನಿಲ್ಲಿಸಲಿಲ್ಲ.

"ನಿಮ್ಮ ಮಾತು ನಂಬ್ಕೊಂಡು ಕಳ್ಸಕೆ ನಂಗೇನು ಹುಚ್ಚಾ ನರ್ಸಮ್ಮ? ನನ್ ಮಗಳ ಹೆಣ ಎತ್ತೋವಾಗ ನಮ್ ಅಳಿಯಂದ್ರು ಎಲ್ಲಿದ್ರು ಗೊತ್ತಾ? ಸಾರಾಯಿ ಅಂಗ್ಡಿ ಮುಂದ್ಲ ಚರಂಡೀಲಿ. ಈ ಮಗೂನೇ ಹೋಗಿ ಹುಡುಕ್ಕೊಂಡು ಬಂತು."

"ಹದಿನಾಲ್ಕು ತಿಂಗಳಿಂದ ಮುಟ್ಟಿಲ್ಲ."

"ನೀವು ಗ್ಯಾರಂಟಿ ಕೊಡ್ತೀರಾ?"

"ನಾನು ಯಾರಿಗೂ ಗ್ಯಾರಂಟಿ ನಿಲ್ಲೋಳಲ್ಲ. ಕುಡುಕರಿಗಂತೂ ಇಲ್ಲವೇ ಇಲ್ಲ. ನೀವೇ ಬಂದು ನೋಡಿ" ಎಂದಳು ಸರ್ವಮಂಗಳಮ್ಮ.

ಮುದುಕಿಗೆ ಈ ಒರಟು ಮಾತು ಹಿಡಿಸಿತೆಂದು ಕಾಣುತ್ತದೆ. ಬರುವ ಭಾನುವಾರ ಕಡಬದಲ್ಲಿ ತಂಗಿಯ ಮನೆಗೆ ಹೋಗುವುದಿತ್ತು, ಅಲ್ಲಿಂದ ಸಂಜೆಗೆ ಹತ್ತಿರದ ಗುಬ್ಬಿಗೆ ಮಕ್ಕಳ ಸಮೇತ ಬರುತ್ತೇನೆ ಎಂದಳು. "ನೆಟ್ಟಗಿದ್ರೆ ಸ್ಕೂಲ್ ಶುರುವಾಗೋ ಹೊತ್ಗೆ ಕಳಿಸ್ತೀನಿ. ಇಲ್ಲಾಂದ್ರೆ ನನ್ ಮಗ ಭದ್ರಾವತೀಲವ್ನೆ, ಆ ವಾರವೇ ಅವ್ನು ಬಂದು ಕರ್ಕೊಂಡೋಗ್ತಾನೆ. ಆಮೇಲೆ ಈವಯ್ಯ ನಮ್ಮನೆ ಕಡೆ ತಲೆ ಹಾಕಿನೂ ಮಲಗ್ಬಾರ್ದು."

ಹುಡುಗಿ ತಲೆಯೆತ್ತಿ, "ಅಪ್ಪಂಗೆ ಈಗ ಸೂಜಿ ಯಾರು ಪೋಣ್ಸಿ ಕೊಡ್ತಾರೆ?" ಎಂದಳು. ಆರು ವರ್ಷದವಳಿದ್ದಾಗಿನಿಂದ ಅವಳೇ ಬೆಳಗಾಗೆದ್ದು ಇಪ್ಪತ್ತು ಸೂಜಿಗೆ ದಾರ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಟ್ಟು ಸ್ಕೂಲಿಗೆ ಹೋಗುತ್ತಿದ್ದಳಂತೆ.

"ಅವನೇ ಪೋಣ್ಸ್ಕೊತಾನೆ" ಎಂದಳು ಸರ್ವಮಂಗಳಮ್ಮ. ಹುಡುಗಿ ಅವಳನ್ನು ಸುಳ್ಳಿಯನ್ನು ನೋಡುವ ಹಾಗೆ ನೋಡಿ ಮತ್ತೆ ಹುಣಸೆಹಣ್ಣಿಗೆ ಕೈಹಾಕಿದಳು.

ಆ ಭಾನುವಾರ ಗುಬ್ಬಿಯಲ್ಲಿ ಸಂಘದ ಸಭೆಯೂ ಇತ್ತು. ಚನ್ನಬಸವಯ್ಯನಿಗೆ ಬೇರೆ ದಿನ ರಜೆ ಇರಲಿಲ್ಲ, ಮುದುಕಿಗೆ ಬೇರೆ ದಿನ ಅನುಕೂಲವಿರಲಿಲ್ಲ. ಸಭೆ ಮುಗಿದ ಮೇಲೆ ಎಲ್ಲಾದರೂ ಹೋಟೆಲಿನಲ್ಲಿ ಕೂರಿಸಿ ಮಾತಾಡಿಸೋಣ ಎಂದು ಸರ್ವಮಂಗಳಮ್ಮ ಲೆಕ್ಕ ಹಾಕಿದ್ದಳು. ಸಂಘದವರಿಗೆ ಹೇಳಬಾರದಿತ್ತು, ಚನ್ನಬಸವಯ್ಯ ಖುಷಿ ತಡೆಯಲಾರದೆ ಹೇಳಿಬಿಟ್ಟ.

"ಭೇಷ್. ವೇದಿಕೆ ಮೇಲೇ ಒಪ್ಪಿಸಿಬಿಡೋಣ" ಎಂದರು ಅನಂತರಾಮಯ್ಯನವರು. ಅವರ ಮುಖ ಮದುವೆ ಗಂಡಿನ ಮುಖವಾಗಿತ್ತು.

"ಒಪ್ಪಿಸೋಕೆ ಅವೇನು ಬಹುಮಾನದ ಲೋಟಾನೇ ಸ್ವಾಮಿ?" ಎಂದಳು ಸರ್ವಮಂಗಳಮ್ಮ.

"ಹಾಗಲ್ಲಮ್ಮ. ಜನಕ್ಕೆ ಒಂದು ಸಂದೇಶ ಹೋಗುತ್ತೆ."

"ಸಂದೇಶ ಪೋಸ್ಟಿನಲ್ಲಿ ಕಳಿಸಿ. ಅವತ್ತು ಇವನು ಓಲಾಡೋದು, ಬೀಳೋದು ಯಾವುದೂ ಬೇಡ. ಬಿಳಿ ಅಂಗಿ ಹಾಕ್ಕೊಂಡು ಸುಮ್ನೆ ಕೂತಿರ್ಲಿ. ಅಷ್ಟಾದ್ರೆ ಅವರನ್ನ ಸಭೆ ತನಕ ಕರ್ಕೊಂಡು ಬರ್ತೀನಿ."

"ಆಗಲಿ, ಓಲಾಡೋದು ಬೇಡ" ಎಂದರು ಅಧ್ಯಕ್ಷರು. ಪಟ್ಟಾಭಿರಾಮ ಮೇಷ್ಟರು ಮುಖ ಸಪ್ಪಗೆ ಮಾಡಿಕೊಂಡರು. ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದ ಸರ್ವಮಂಗಳಮ್ಮನಿಗೆ ಕಚೇರಿಯವರ 'ಆಗಲಿ' ಎಂದರೆ ಏನೆಂದು ಗೊತ್ತಿರಬೇಕಿತ್ತು.

ಗುಬ್ಬಿಯ ಸಭೆ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ. ಶಾಮಿಯಾನ ಮತ್ತು ಕುರ್ಚಿ ಆ ಸೀಮೆಯ ಸಾರಾಯಿ ಕಂಟ್ರಾಕ್ಟರರೊಬ್ಬರ ಉದಾರ ಕೊಡುಗೆ. ಇದನ್ನು ಮೈಕಿನಲ್ಲಿ ಎರಡು ಸಲ ಹೇಳಿದರು, ಯಾರಿಗೂ ನಗು ಬರಲಿಲ್ಲ. ಚನ್ನಬಸವಯ್ಯ ತಾನೇ ಹೊಲಿದುಕೊಂಡ ಬಿಳಿ ಅಂಗಿಯಲ್ಲಿ ವೇದಿಕೆಯ ಮೂಲೆಯ ಕುರ್ಚಿಯ ತುದಿಯಲ್ಲಿ ಕೂತಿದ್ದ. ಬೆಳಿಗ್ಗೆ ಏಳಕ್ಕೆ ಶೆಟ್ಟಿಹಳ್ಳಿಗೆ ಬಂದು ಒಂದೇ ಸಲಕ್ಕೆ ದಾರ ಪೋಣಿಸಿಟ್ಟೇ ಬಂದಿದ್ದ. ಸರ್ವಮಂಗಳಮ್ಮ ಆ ಸೂಜಿಯನ್ನೂ ಉಂಡೆಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದಳು, ಮುದುಕಿಯ ಎದುರಿಗೇ ಒಮ್ಮೆ ಪೋಣಿಸಿ ತೋರಿಸಲಿ ಎಂದು. ನಾಲ್ಕು ಗಂಟೆಗೆ ಅವಳು ಬಸ್ ಸ್ಟ್ಯಾಂಡಿಗೆ ಹೋದಳು.

ಕಡಬದ ಬಸ್ಸು ತಡವಾಯಿತು. ಬಂದಾಗ ಐದೂಕಾಲು. ಚಿಕ್ಕಗಂಗಮ್ಮ ನಿದ್ದೆ ಹತ್ತಿದ ರೇವಣ್ಣನನ್ನು ಹೆಗಲಿಗೆ ಹಾಕಿಕೊಂಡು ಇಳಿದಳು. ದಾಕ್ಷಾಯಿಣಿ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಸಿಕೊಂಡು ಹಬ್ಬದ ಲಂಗದಲ್ಲಿದ್ದಳು. ದಾರಿಯಲ್ಲಿ ಎಲ್ಲರಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

ಗಿರಣಿಯ ಗೇಟಿನ ಹತ್ತಿರ ಬರುವಾಗಲೇ ಜನರ ನಗು ಕೇಳಿಸಿತು. ಆ ನಗು ಯಾವುದೆಂದು ಅವಳಿಗೆ ಗೊತ್ತಿತ್ತು. ಕಾಲು ನಿಲ್ಲಿಸುವಷ್ಟರಲ್ಲಿ ಹುಡುಗಿ ಒಳಗೆ ನುಗ್ಗಿಯಾಗಿತ್ತು.

ವೇದಿಕೆಯ ಮೇಲೆ ಚನ್ನಬಸವಯ್ಯ ಬಾಟಲಿ ಹಿಡಿದು ಓಲಾಡುತ್ತಿದ್ದ. ಅಂಗಿ ಸೊಂಟದಿಂದ ಹೊರಗೆ ಬಂದಿತ್ತು. ಸತ್ತ ಹೆಂಡತಿಯನ್ನು ಬೈಯುತ್ತಿದ್ದ. ಮುನ್ನೂರು ಜನ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಅವನು ಬಾಟಲಿಯನ್ನು ತುಟಿಯವರೆಗೆ ಎತ್ತಿದ. ಅಲ್ಲಿ ಹಾಗೇ ನಿಂತ. ಅವನ ಮುಖ ಏನೋ ಒಂದು ಥರ ಆಯಿತು, ಆಮೇಲೆ ಬಾಟಲಿ ಬಗ್ಗಿತು, ಕುಡಿದನೋ ಚೆಲ್ಲಿದನೋ ಅಷ್ಟು ದೂರದಿಂದ ತಿಳಿಯಲಿಲ್ಲ, ಎದೆಯ ಮೇಲೆಲ್ಲ ಸುರಿಯಿತು. ಜನ ಶಿಳ್ಳೆ ಹಾಕಿದರು. ಅವನು ತಲೆಯೆತ್ತಿದಾಗ ಸಾಲುಗಳ ಹಿಂದೆ ನಿಂತ ಹಬ್ಬದ ಲಂಗ ಕಣ್ಣಿಗೆ ಬಿತ್ತು. ಅವನು ಬೀಳಲಿಲ್ಲ, ಕೈ ಮುಗಿಯಲಿಲ್ಲ, "ಹೀಗಿದ್ದೆ ನಾನು" ಎನ್ನಲೂ ಇಲ್ಲ. ಬಾಟಲಿ ಕೆಳಗಿಟ್ಟು ಹಿಂದಿನ ಮೆಟ್ಟಿಲು ಇಳಿದು ಹೋದ.

"ಇದನ್ನ ತೋರ್ಸಕಾ ಕರ್ಸಿದ್ದು?" ಎಂದಳು ಚಿಕ್ಕಗಂಗಮ್ಮ.

ಸರ್ವಮಂಗಳಮ್ಮ ವೇದಿಕೆಯ ಹಿಂದಕ್ಕೆ ಓಡಿದಳು. ಅಡ್ಡ ಬಂದ ಪಟ್ಟಾಭಿರಾಮ ಮೇಷ್ಟರು, "ಮುಖ್ಯ ಅತಿಥಿಗಳು ಬಂದಿರಲಿಲ್ಲಮ್ಮ, ಜನ ಎದ್ದು ಹೊರಟಿದ್ರು. ಹತ್ತು ನಿಮಿಷ ಹಿಡಿದಿಡೋಣ ಅಂತ" ಎಂದರು. ಅವರನ್ನು ತಳ್ಳಿಕೊಂಡು ಅವಳು ಮುಂದೆ ಹೋದಳು. ಚನ್ನಬಸವಯ್ಯನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ ಎನ್ನುವುದು ಅವಳಿಗೆ ಗೊತ್ತಿದ್ದ ವಿಷಯ. ಹತ್ತು ವರ್ಷ ಊರವರ ಉಗುಳು ನುಂಗಿದವನು ಮೇಷ್ಟರಿಗೆ ಏನು ಎದುರಾಡಿಯಾನು?

ತೌಡಿನ ಮೂಟೆ ಒಟ್ಟಿದ್ದ ಕೋಣೆಯಲ್ಲಿ ಅವನು ಗೋಡೆ ಹಿಡಿದುಕೊಂಡು ನಿಂತಿದ್ದ. ಅವಳು ಬಾಗಿಲಿನ ಒಳಗೆ ಕಾಲಿಟ್ಟು ಅಲ್ಲೇ ನಿಂತುಬಿಟ್ಟಳು. ವಾಸನೆ ಮೂಗಿಗೆ ಬಡಿಯಿತು. ಹದಿನೆಂಟು ವರ್ಷ ಪಕ್ಕದ ದಿಂಬಿನಿಂದ ಬಂದ ವಾಸನೆ, ತಪ್ಪುವ ಪ್ರಶ್ನೆಯೇ ಇರಲಿಲ್ಲ.

"ನೀರು ಅಂದ್ರು ನರ್ಸಮ್ಮ" ಎಂದ ಅವನು. "ಬಾಯಿ ಹತ್ರ ತಂದ್ಮೇಲೆ ಗೊತ್ತಾಯ್ತು. ಮೈಮೇಲೆ ಚೆಲ್ಕೊಂಡೆ."

ನಡೆದದ್ದೂ ಅದೇ. ಅವತ್ತು ಅಭಿನಯ ಇಲ್ಲವೆಂದು ಮೇಷ್ಟರು ಮನೆಯಿಂದ ನೀರು ತುಂಬಿದ ಬಾಟಲಿ ತಂದಿರಲಿಲ್ಲ. ಒಂದು ಬಾಟಲಿ ತಗೊಂಡು ಬಾ ಎಂದು ಯಾರನ್ನೋ ಕಂಟ್ರಾಕ್ಟರರ ಅಂಗಡಿಗೆ ಓಡಿಸಿದ್ದರು. ಖಾಲಿ ಬಾಟಲಿ ಎಂದು ಹೇಳಿ ಕಳಿಸುವುದು ಯಾರಿಗೂ ಹೊಳೆಯಲಿಲ್ಲ. ಸಾರಾಯಿ ಅಂಗಡಿಯವನು ಸಾರಾಯಿ ಕೊಟ್ಟು ಕಳಿಸಿದ. ಆದರೆ ಆ ಹೊತ್ತಿನಲ್ಲಿ ಸರ್ವಮಂಗಳಮ್ಮನಿಗೆ ಇದ್ಯಾವುದೂ ತಿಳಿದಿರಲಿಲ್ಲ. ಚೆಲ್ಲಿಕೊಂಡೆ ಎನ್ನುವ ಮಾತು ಮಹಾಲಿಂಗಯ್ಯನೂ ಹೇಳಿದ್ದ. ಪಕ್ಕದವನು ಮೈಮೇಲೆ ಚೆಲ್ಲಿದ ಕಣೇ, ನನ್ನದೇನೂ ತಪ್ಪಿಲ್ಲ ಎಂದು ಎಷ್ಟು ಸಲ ಹೇಳಿದ್ದನೋ.

ಅವಳು ಚೀಲದಿಂದ ಸೂಜಿ ತೆಗೆದು ದಾರ ಎಳೆದುಹಾಕಿ ಎರಡನ್ನೂ ಒಂದು ಮೂಟೆಯ ಮೇಲಿಟ್ಟು ಬಾಗಿಲಿನವರೆಗೆ ಹಿಂದೆ ಸರಿದಳು. "ಪೋಣ್ಸು."

ಅವನು ಎತ್ತಿಕೊಂಡ. ಕೈ ಎಲೆಯ ಹಾಗೆ ನಡುಗುತ್ತಿತ್ತು. ದಾರದ ತುದಿ ಸೂಜಿಯ ಆಚೆ ಹೋಯಿತು, ಈಚೆ ಬಂತು. ನಾಲ್ಕು ಸಲ, ಐದು ಸಲ. ಅಷ್ಟರಲ್ಲಿ ಚಿಕ್ಕಗಂಗಮ್ಮ ಮಕ್ಕಳ ಜೊತೆ ಬಾಗಿಲಿಗೆ ಬಂದಿದ್ದಳು. ಅವರನ್ನು ಕಂಡು ಅವನ ಕೈ ಇನ್ನಷ್ಟು ಕೆಟ್ಟಿತು, ಸೂಜಿ ಜಾರಿ ಮೂಟೆಯ ಮೇಲೆ ಬಿತ್ತು.

"ಸಾಕು" ಎಂದಳು ಸರ್ವಮಂಗಳಮ್ಮ. ಸೂಜಿ ಎತ್ತಿ ಚೀಲಕ್ಕೆ ಹಾಕಿಕೊಂಡಳು. "ಹದಿನಾಲ್ಕು ತಿಂಗಳು ನಿನ್ನ ಮುಖ ನೋಡಿದ್ದಕ್ಕೆ ಒಳ್ಳೇ ಉಡುಗೊರೆ ಕೊಟ್ಟೆ. ನಾಳೆಯಿಂದ ನಮ್ಮ ಬೀದಿಗೆ ಬರ್ಬೇಡ." ಮುದುಕಿಯ ಕಡೆ ತಿರುಗಿ, "ಕರ್ಕೊಂಡು ಹೋಗ್ರಮ್ಮ. ನಾನೂ ಕೆಟ್ಟೆ, ನಿಮ್ಮನ್ನೂ ಅಲೆದಾಡಿಸ್ದೆ. ಭದ್ರಾವತಿಗೇ ಕಳ್ಸಿ" ಎಂದಳು.

"ನಂಗೊತ್ತಿತ್ತು ಬುಡಿ" ಎಂದಳು ಚಿಕ್ಕಗಂಗಮ್ಮ. ಗೆದ್ದ ಧ್ವನಿ ಅದಾಗಿರಲಿಲ್ಲ. ಅವಳೂ ಬೇರೆ ಏನನ್ನೋ ನಿರೀಕ್ಷಿಸಿಯೇ ಮೊಮ್ಮಗಳಿಗೆ ಜಡೆ ಹಾಕಿ ಕರೆತಂದಿದ್ದಳು.

ತಾನೇನು ಹೇಳಿದರೂ ಯಾರೂ ನಂಬುವುದಿಲ್ಲ ಎನ್ನುವುದನ್ನು ಚನ್ನಬಸವಯ್ಯ ಕುಡಿಯುತ್ತಿದ್ದಾಗಲೇ ಕಲಿತಿದ್ದ.

ದಾಕ್ಷಾಯಿಣಿ ಅಜ್ಜಿಯ ಸೆರಗು ಬಿಟ್ಟಳು. ಯಾರನ್ನೂ ಕೇಳದೆ ಮೂಟೆಗಳ ನಡುವೆ ನಡೆದು ಅಪ್ಪನ ಎದುರಿಗೆ ಹೋಗಿ ನಿಂತಳು. ಅವಳು ಏನೂ ಹೇಳುವ ಮೊದಲೇ ಅವನು ಕುಕ್ಕರುಗಾಲಲ್ಲಿ ಕೂತ, ಮೈಗೆ ರೂಢಿಯಾದ ಕೆಲಸದ ಹಾಗೆ. ಹುಡುಗಿ ಎರಡು ಕೈಯಿಂದ ಅವನ ದವಡೆ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಬಾಯಿ ಬುಡು. ಊದು."

ಅವನು ಊದಿದ.

"ಇನ್ನೊಂದ್ಸಲ. ಜೋರಾಗಿ."

ಅವನು ಊದಿದ. ಹುಡುಗಿ ಕಣ್ಣು ಮುಚ್ಚಿಕೊಂಡು ಅವನ ಬಾಯಿಗೆ ಮೂಗು ಹಚ್ಚಿದಳು. ಆಮೇಲೆ ಬಗ್ಗಿ ಅಂಗಿಯ ಕಾಲರನ್ನು ಮೂಸಿ ಮುಖ ಸಿಂಡರಿಸಿದಳು. ಮತ್ತೆ ಬಾಯಿ ಮೂಸಿದಳು. ಅವಸರವೇ ಇರಲಿಲ್ಲ. ಆರು ವರ್ಷದಿಂದ ಎಂಟು ವರ್ಷದ ತನಕ ದಿನಾ ಸಂಜೆ ಅವಳು ಮಾಡಿದ್ದ ಕೆಲಸ ಇದು. ಇವತ್ತು ಅಪ್ಪನ ಹತ್ತಿರ ಹೋಗಬಹುದೋ, ತಮ್ಮನನ್ನು ಎತ್ತಿಕೊಂಡು ಪಕ್ಕದ ಮನೆಗೆ ಓಡಬೇಕೋ ಎನ್ನುವುದನ್ನು ಈ ಮೂಗೇ ತೀರ್ಮಾನ ಮಾಡುತ್ತಿತ್ತು.

"ಅಂಗಿ ನಾರ್ತೈತೆ ಅಜ್ಜಿ" ಎಂದಳು. "ಬಾಯಿ ನಾರ್ತಿಲ್ಲ."

"ಲವಂಗ ಗಿವಂಗ ಅಗಿದಿರ್ತಾನೆ ನೋಡು."

"ಇಲ್ಲ. ಬರೀ ಈರುಳ್ಳಿ ವಾಸ್ನೆ. ಉಪ್ಪಿಟ್ಟು ತಿಂದವ್ನೆ."

ಚಿಕ್ಕಗಂಗಮ್ಮ ರೇವಣ್ಣನನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು. ನಿಧಾನವಾಗಿ ಬಂದು, ಎರಡು ವರ್ಷದಿಂದ ಮುಖ ನೋಡದ ಅಳಿಯನ ಮುಂದೆ ಸೊಂಟ ಹಿಡಿದು ಬಗ್ಗಿ ತಾನೂ ಮೂಸಿದಳು. ಸ್ವಲ್ಪ ಹೊತ್ತು ಹಾಗೇ ಇದ್ದು ನೆಟ್ಟಗಾದಳು. "ಈರುಳ್ಳೀನೇ" ಎಂದಳು.

ಆಗ ಚನ್ನಬಸವಯ್ಯ ಅತ್ತ. ಹುಡುಗಿ ಅವನ ದವಡೆಯಿಂದ ಕೈ ತೆಗೆಯಲಿಲ್ಲ. "ಆ ಅಂಗಿ ಬಿಚ್ಚು ಅಪ್ಪ, ತಮ್ಮ ಎದ್ರೆ ವಾಸ್ನೆಗೆ ಹೆದರ್ಕೊತಾನೆ" ಎಂದಳು. ಅವನು ಬಿಚ್ಚಿದ. ಯಾರೋ ಅಲ್ಲೇ ಗಳಕ್ಕೆ ಹಾಕಿದ್ದ, ಅವತ್ತು ಹೊದಿಸಬೇಕೆಂದು ತಂದಿದ್ದ ಹತ್ತನೆಯ ಶಾಲನ್ನು ಹುಡುಗಿ ಎಳೆದು ಅವನ ಮೈಮೇಲೆ ಹಾಕಿದಳು. ಆ ಶಾಲು ಅಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂತು.

ಮುದುಕಿ ತೀರ್ಪು ಹೇಳಿದಳು. ಸ್ಕೂಲ್ ಶುರುವಾಗುವ ಮುಂಚಿನ ದಿನ ಮಕ್ಕಳನ್ನು ತಾನೇ ತಂದು ಬಿಡುತ್ತಾಳೆ. ತಿಂಗಳಿಗೊಮ್ಮೆ ಬಂದು ನೋಡುತ್ತಾಳೆ. "ನಾನು ನಿನ್ನ ಒಂದು ಮಾತೂ ಕೇಳಲ್ಲ ಅಳಿಯಂದ್ರೆ. ಇವಳನ್ನ ಕೇಳ್ತೀನಿ. ಇವಳ ಮೂಗು ಏನಂತದೋ ಅದು."

ಅವರು ಗಿರಣಿಯ ಹಿಂದಿನ ಗೇಟಿನಿಂದ ಹೊರಗೆ ಬಂದರು. ರಸ್ತೆಗೆ ಬರುವಷ್ಟರಲ್ಲಿ ಮೈಕಿನಲ್ಲಿ ಅನಂತರಾಮಯ್ಯನವರ ಧ್ವನಿ ಕೇಳಿಸಿತು. ಮುಖ್ಯ ಅತಿಥಿಗಳು ಬಂದಿರಬೇಕು. "ಇಗೋ ನೋಡಿ, ಆ ಎರಡು ಎಳೆಯ ಜೀವಗಳು ಈಗ ತಂದೆಯ ಮಡಿಲು ಸೇರುತ್ತಿವೆ" ಎಂದು ಅವರು ಗದ್ಗದಿತರಾಗಿ ಹೇಳುತ್ತಿದ್ದರು. ಹಿಂದೆಯೇ ದೊಡ್ಡ ಚಪ್ಪಾಳೆ. ಚನ್ನಬಸವಯ್ಯ ಗಾಬರಿಯಾಗಿ ಹಿಂದೆ ನೋಡಿದ, ತನ್ನ ಮಕ್ಕಳು ತನ್ನ ಜೊತೆಗೇ ಇದ್ದಾರೋ ಇಲ್ಲವೋ ಎಂದು. ಆಮೇಲೆ ತಿಳಿದದ್ದು, ಮೇಷ್ಟರು ಗಿರಣಿಯ ಕಾವಲುಗಾರನ ಎರಡು ಮಕ್ಕಳನ್ನು ವೇದಿಕೆಗೆ ಹತ್ತಿಸಿ, ಕುಡುಕನ ಬದಲು ಜನಕ್ಕೆ ಬೆನ್ನು ಹಾಕಿ ತಾವೇ ಮಂಡಿಯೂರಿ ಅವರನ್ನು ತಬ್ಬಿಕೊಂಡಿದ್ದರಂತೆ. ಫೋಟೋ ಬಹಳ ಚೆನ್ನಾಗಿ ಬಂದಿತ್ತು. ಸಂಘದ ವಾರ್ಷಿಕ ವರದಿಯ ರಕ್ಷಾಪುಟಕ್ಕೆ ಅದನ್ನೇ ಹಾಕಿದರು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಚನ್ನಬಸವಯ್ಯ ಶಾಲು ಹೊದ್ದು ಕೂತಿದ್ದ. ಎಚ್ಚರವಾದ ರೇವಣ್ಣ ಗುರುತು ಸಿಗದ ಈ ಮನುಷ್ಯನನ್ನು ಓರೆಗಣ್ಣಿನಿಂದ ನೋಡುತ್ತ, ಆಗಾಗ ಶಾಲಿನ ಜರಿಯನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಸರ್ವಮಂಗಳಮ್ಮ ಅಭ್ಯಾಸದಂತೆ ಮೂರು ಮಾರು ದೂರದಲ್ಲಿ ಕಂಬ ಹಿಡಿದು ನಿಂತಿದ್ದಳು. ಅವಳಿಗೆ ಅವನ ಮುಖ ನೋಡುವ ಧೈರ್ಯವಿರಲಿಲ್ಲ. ಅವನು ಎರಡು ಸಲ "ಕೂತ್ಕೊಳ್ಳಿ ನರ್ಸಮ್ಮ" ಎಂದು ಸರಿದು ಜಾಗ ಮಾಡಿಕೊಟ್ಟಿದ್ದ. ಅವನಿಗೆ ಅವಳ ಮೇಲೆ ಸಿಟ್ಟೇ ಇರಲಿಲ್ಲ, ಅದನ್ನು ತಡೆದುಕೊಳ್ಳುವುದೇ ಅವಳಿಗೆ ಹೆಚ್ಚು ಕಷ್ಟವಾಗಿತ್ತು. ಊರಿನ ಜನರನ್ನೆಲ್ಲ ಹೀಗಳೆದು ಬದುಕಿದವಳು ಅವತ್ತು ತನ್ನನ್ನೇ ಹೀಗಳೆದುಕೊಳ್ಳುತ್ತ ನಿಂತಿದ್ದಳು.

ದಾಕ್ಷಾಯಿಣಿ ಎದ್ದು ಅವಳ ಹತ್ತಿರ ಬಂದಳು. ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ನರ್ಸಮ್ಮ, ನಿಮ್ಗೆ ಮೂಸಿ ನೋಡಕೆ ಬರಕಿಲ್ವಾ?"

ತುಮಕೂರಿನ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತ್ತು. ಸರ್ವಮಂಗಳಮ್ಮ ಚೀಲದೊಳಗೆ ಕೈಹಾಕಿ ಆ ಸೂಜಿಯನ್ನು ಹುಡುಕಿ ತೆಗೆದು ಹುಡುಗಿಯ ಕೈಗೆ ಕೊಟ್ಟಳು.

"ಬರ್ತಿತ್ತು ಕಣವ್ವ" ಎಂದಳು. "ನಾನು ಹತ್ರ ಹೋಗ್ಲಿಲ್ಲ."